ಬಣ್ಣ ಬಳಿದಿದ್ದಕ್ಕೆ ರೇಟಿಲ್ಲ

ಮೈಸೂರಿನ ನಮ್ಮ ಬೀದಿಗೆ ತಿಂಗಳಿಗೊಮ್ಮೆ ‘ಹಳೇ ಪ್ಯಾಪರ್, ಖಾಲಿ ಶೀಶೇ’ ಎಂದು ಕೂಗುತ್ತ ಒಬ್ಬ ಯಜಮಾನರು ಬರುತ್ತಾರೆ. ಅವರ ಕೂಗು ಕೇಳಿದರೆ ಉಳಿದ ಮನೆಗಳಿಂದ ಪೇಪರ್ ಕಟ್ಟುಗಳು ಹೊರಗೆ ಬರುತ್ತವೆ, ನಮ್ಮ ಮನೆಯಿಂದ ಮಗಳು ಹೊರಗೆ ಬರುತ್ತಾಳೆ. ಬಂದವಳು ಕಟ್ಟಿನ ಮೇಲೆ ಚಕ್ಕಳಮಕ್ಕಳ ಹಾಕಿ ಕೂತುಬಿಡುತ್ತಾಳೆ. ಅವಳ ತಪಾಸಣೆ ಮುಗಿಯದೆ ಒಂದು ಹಾಳೆಯೂ ತಕ್ಕಡಿ ಹತ್ತುವಂತಿಲ್ಲ. ಆರು ವರ್ಷದ ಈ ಅಧಿಕಾರಿಗೆ ಇಷ್ಟು ಅನುಮಾನ ಬರುವಂತೆ ಮಾಡಿದವಳು ನಾನೇ.

ಕಳೆದ ಶ್ರಾವಣದಲ್ಲಿ, ವರಮಹಾಲಕ್ಷ್ಮಿ ಹಬ್ಬಕ್ಕೆ ಮನೆ ಒಪ್ಪ ಮಾಡುವ ಭರದಲ್ಲಿ, ಅವಳು ಬರೆದ ಚಿತ್ರಗಳಲ್ಲಿ ಒಂದಷ್ಟನ್ನು ಮಡಚಿ ಹಳೇ ನೋಟ್‌ಬುಕ್ಕುಗಳ ಹೊಟ್ಟೆಯೊಳಗೆ ತುರುಕಿ ದಾರ ಬಿಗಿದಿದ್ದೆ. ಯಜಮಾನರ ಲೆಕ್ಕ ಖಡಕ್ಕು. ದಿನಪತ್ರಿಕೆಗೆ ಒಂದು ರೇಟು, ನೋಟ್‌ಬುಕ್ಕಿಗೆ ಒಂದು, ರಟ್ಟಿಗೆ ಮತ್ತೊಂದು. ಹಾಗಾಗಿ ಅವರು ಕಟ್ಟು ಬಿಚ್ಚಿ ಬೇರೆ ಬೇರೆ ಮಾಡುತ್ತಾರೆ. ಆ ದಿನವೂ ಬಿಚ್ಚಿದರು. ಪುಸ್ತಕ ಜಾಡಿಸಿದಾಗ ಉದುರಿದ ಒಂದು ಹಾಳೆಯನ್ನು ಎರಡು ಬೆರಳಲ್ಲಿ ಎತ್ತಿ, ಈ ಕಡೆ ಆ ಕಡೆ ತಿರುಗಿಸಿ ನೋಡಿ, ಪಕ್ಕಕ್ಕಿಟ್ಟು ಹೇಳಿದರು: “ಬಣ್ಣ ಬಳಿದಿದ್ದಕ್ಕೆ ರೇಟಿಲ್ಲಮ್ಮ.”

ಬಾಗಿಲಲ್ಲಿ ನಿಂತಿದ್ದ ಮಗಳು ಬಂದು ಆ ಹಾಳೆ ಎತ್ತಿಕೊಂಡಳು. ರೇಟಿಲ್ಲ ಅಂದವರ ಮೇಲೆ ಅವಳಿಗೆ ಸಿಟ್ಟು ಬರಲಿಲ್ಲ. ನನ್ನನ್ನು ನೋಡಿದಳು.

“ಅಮ್ಮ, ನಂದನ್ನ ನೀನು ಹಾಕಿದ್ಯಾ?”

“ಇಲ್ಲ ಪುಟ್ಟಿ, ಅದು ಹೇಗೋ ತಪ್ಪಿ ಸೇರ್ಕೊಂಡಿದೆ.”

“ತಪ್ಪಿ ಸೇರ್ಕೊಂಡಿದ್ರೆ ನಾಕು ಮಡಿಕೆ ಯಾಕೆ ಮಾಡಿದೆ?”

ಯಜಮಾನರು ತಕ್ಕಡಿಯ ಕಡೆ ಮುಖ ತಿರುಗಿಸಿಕೊಂಡು ನಕ್ಕರು. ನಾನು ಅವತ್ತು ಬಂದ ದುಡ್ಡನ್ನು ಎಣಿಸಿಕೊಳ್ಳಲಿಲ್ಲ.

ನನ್ನ ಪರವಾಗಿಯೂ ಎರಡು ಮಾತಿದೆ. ಚಿತ್ರ ಬರೆಯುವ ಮಗು ಇರುವ ಮನೆಯವರಿಗಷ್ಟೇ ಅದು ಗೊತ್ತು. ದಿನಕ್ಕೆ ಮೂರು ಚಿತ್ರ ಎಂದು ಹಿಡಿದರೂ ವರ್ಷಕ್ಕೆ ಸಾವಿರ ದಾಟುತ್ತದೆ. ಫ್ರಿಜ್ಜಿನ ಬಾಗಿಲು ಮೊದಲ ವಾರಕ್ಕೇ ತುಂಬಿತು. ಆಮೇಲೆ ಬೀರುವಿನ ಬಾಗಿಲು, ಆಮೇಲೆ ಗಾಡ್ರೆಜ್ಜಿನ ಮೈ. ಪ್ಲಾಸ್ಟಿಕ್ ಫೈಲು ತಂದೆ, ಅದೂ ಬಿರಿಯಿತು. ಫೋನಿನಲ್ಲಿ ಫೋಟೊ ತೆಗೆದು ಮೂಲಪ್ರತಿಯನ್ನು ಸಾಗಹಾಕುವ ಉಪಾಯ ಮಾಡಿದೆ. ಆ ಫೋಟೊಗಳನ್ನು ಇವತ್ತಿನವರೆಗೆ ತೆರೆದು ನೋಡಿಲ್ಲ. ಕೊನೆಗೆ ಅಟ್ಟಕ್ಕೆ ಹಾಕಿದೆ. ಅಟ್ಟದಲ್ಲಿ ಅವನ್ನು ಜಿರಲೆಗಳು ಮಾತ್ರ ಆಸಕ್ತಿಯಿಂದ ನೋಡುತ್ತಿದ್ದವು.

ಚಿತ್ರಗಳಾದರೂ ಎಂಥವು? ಎರಡು ವರ್ಷಕ್ಕೆ ಬರೀ ಗೀಚು. ಮೂರಕ್ಕೆ ಗೀಚಿನಿಂದ ಒಂದು ಸೊನ್ನೆ ಬಿಡಿಸಿಕೊಂಡು ಹೊರಬಂತು. ಸೊನ್ನೆಗೆ ಸುತ್ತ ಕಡ್ಡಿ ಬಂದು ಸೂರ್ಯನಾಯಿತು. ಆ ಸೂರ್ಯನ ಕಡ್ಡಿಗಳಲ್ಲಿ ಎರಡು ಕೆಳಗೆ ಉದ್ದವಾಗಿ ಇಳಿದು ಕಾಲಾಗಿ, ಹೊಟ್ಟೆಯೇ ಇಲ್ಲದ, ತಲೆಯಿಂದಲೇ ಕಾಲು ಹೊರಟ ಮನುಷ್ಯ ಹುಟ್ಟಿದ. ಅದು ನಾನಂತೆ. ನನ್ನ ಮಗಳು ಪ್ರತಿಭಾವಂತೆ ಎಂದು ಬೀಗುವಷ್ಟರಲ್ಲಿ ಗೊತ್ತಾಯಿತು, ಇದು ಎಲ್ಲ ಮಕ್ಕಳೂ ತುಳಿಯುವ ದಾರಿಯಂತೆ. ಅಮೆರಿಕದ ಸ್ಯಾನ್ ಫ್ರಾನ್ಸಿಸ್ಕೋದಲ್ಲಿ ಶಿಶುವಿಹಾರ ನೋಡಿಕೊಳ್ಳುತ್ತಿದ್ದ ರೋಡಾ ಕೆಲಾಗ್ ಎಂಬಾಕೆ ಪುಟ್ಟ ಮಕ್ಕಳ ಚಿತ್ರಗಳನ್ನು ಲಕ್ಷಗಟ್ಟಲೆ ಕೂಡಿಹಾಕಿ, ಗೀಚು, ಸೊನ್ನೆ, ಸೂರ್ಯ, ಮನುಷ್ಯ ಎಂಬ ಈ ಸಾಲನ್ನು ಗುರುತಿಸಿ 1969ರಲ್ಲಿ ಪುಸ್ತಕ ಬರೆದರು. ಲಕ್ಷಗಟ್ಟಲೆ! ಆಕೆಯ ಅಟ್ಟ ಎಷ್ಟು ದೊಡ್ಡದಿತ್ತೋ ಎಂದು ನನಗೆ ಹೊಟ್ಟೆಕಿಚ್ಚು.

ಆಮೇಲೆ ಶಾಲೆಗೆ ಸೇರಿದಳು. ಸೇರಿದ ತಿಂಗಳಿಗೇ ಎರಡು ಗುಡ್ಡ, ನಡುವೆ ಸೂರ್ಯ, ಕೆಳಗೆ ನದಿ, ದಡದಲ್ಲೊಂದು ತೆಂಗಿನ ಮರ ಬಂದವು. ನಮ್ಮ ನಾಡಿನಲ್ಲಿ ಬಯಲುಸೀಮೆಯ ಮಗುವೂ ಇದನ್ನೇ ಬರೆಯುತ್ತದೆ, ಕಡಲ ಪಕ್ಕದ ಮಗುವೂ ಇದನ್ನೇ. ಚಾಮುಂಡಿಬೆಟ್ಟವನ್ನು ದಿನಾ ನೋಡುವ ನನ್ನ ಮಗಳಿಗೂ ಎರಡು ಗುಡ್ಡವೇ ಬೇಕು. “ಒಂದೇ ಇದೆಯಲ್ಲೇ” ಅಂದರೆ, “ಒಂದೇ ಇದ್ರೆ ಸೂರ್ಯನ್ನ ಎಲ್ಲಿಡ್ಲಿ?” ಅನ್ನುತ್ತಾಳೆ.

ಈ ರಾಶಿಗೆ ಗತಿ ಕಾಣಿಸಲು ಶಾಲೆಯಿಂದಲೇ ಒಂದು ದಾರಿ ಬಂದೀತು ಎಂದುಕೊಂಡಿದ್ದೆ. ಏಕೆಂದರೆ ‘ಬೆಸ್ಟ್ ಔಟ್ ಆಫ್ ವೇಸ್ಟ್’ ಎಂಬ ಸ್ಪರ್ಧೆಯ ಚೀಟಿ ಡೈರಿಯಲ್ಲಿ ಅಂಟಿಕೊಂಡು ಬಂತು. ಕಸದಿಂದ ರಸ ತೆಗೆಯಬೇಕು. ಆದರೆ ಬೇಕಾಗುವ ಸಾಮಾನುಗಳ ಪಟ್ಟಿಯೂ ಜೊತೆಗಿತ್ತು: ಐಸ್‌ಕ್ರೀಮ್ ಕಡ್ಡಿ ಐವತ್ತು, ಪೇಪರ್ ಲೋಟ ಇಪ್ಪತ್ತು, ಥರ್ಮಾಕೋಲ್ ಒಂದು, ಗ್ಲಿಟರ್ ಎರಡು ಬಣ್ಣ. ಐವತ್ತು ಐಸ್‌ಕ್ರೀಮ್ ತಿಂದು ಕಡ್ಡಿ ಕೂಡಿಸಲು ಕೊಟ್ಟಿದ್ದ ಕಾಲಾವಕಾಶ ಎರಡು ದಿನ. ಸ್ಟೇಷನರಿ ಅಂಗಡಿಗೆ ಹೋದರೆ ಅಲ್ಲಿ ನಮ್ಮ ತರಗತಿಯ ಅಪ್ಪ-ಅಮ್ಮಂದಿರೆಲ್ಲ ಸೇರಿದ್ದರು. ಅಂಗಡಿಯವನು ಹೊಚ್ಚಹೊಸ ಕಡ್ಡಿಗಳ ಕಟ್ಟು ಕೊಡುತ್ತ, “ವೇಸ್ಟ್ ಐಟಮ್ಮೆಲ್ಲ ಈ ಕಡೆ ಕೌಂಟರ್ ಮೇಡಂ” ಎಂದ. ಆ ರಾತ್ರಿ ಹನ್ನೊಂದರವರೆಗೆ ಕೂತು ಮನೆಯವರೂ ನಾನೂ ಒಂದು ಗಾಳಿಯಂತ್ರ ಕಟ್ಟಿದೆವು. ಮಗಳು ಒಂಬತ್ತಕ್ಕೇ ಮಲಗಿದ್ದಳು. ನಮಗೆ ಸಮಾಧಾನಕರ ಬಹುಮಾನ ಬಂತು.

ಹೀಗೆಲ್ಲ ಮಾಡುವ ಮುನ್ನ ಪುಣೆಯ ಅರವಿಂದ ಗುಪ್ತಾ ಅವರನ್ನಾದರೂ ನೆನೆಯಬೇಕಿತ್ತು. ಕಾನ್ಪುರದ ಐಐಟಿಯಲ್ಲಿ ಓದಿದ ಆ ಮನುಷ್ಯ ಬೆಂಕಿಕಡ್ಡಿ, ಸೈಕಲ್ ಟ್ಯೂಬಿನ ಚೂರು, ಹಳೇ ಪೇಪರಿನ ಟೋಪಿಗಳನ್ನು ಹಿಡಿದು ಊರೂರಿನ ಮಕ್ಕಳಿಗೆ ವಿಜ್ಞಾನ ಕಲಿಸಿದರು. 2018ರಲ್ಲಿ ಪದ್ಮಶ್ರೀ ಬಂತು. ಅವರ ಆಟಿಕೆಯ ಗುಟ್ಟು ಸರಳ. ಸಾಮಾನು ಮನೆಯಲ್ಲೇ ಬಿದ್ದಿರಬೇಕು, ಕೈ ಮಗುವಿನದಾಗಿರಬೇಕು. ನಮ್ಮ ಗಾಳಿಯಂತ್ರದಲ್ಲಿ ಎರಡೂ ಇರಲಿಲ್ಲ.

ರದ್ದಿಯ ಪ್ರಕರಣ ನಡೆದ ದಿನ ಇದನ್ನೆಲ್ಲ ಜಗಲಿಯಲ್ಲಿ ಕೂತು ನೋಡುತ್ತಿದ್ದವರು ನಮ್ಮ ಅತ್ತೆ. ಅವರ ತವರು ಭದ್ರಾವತಿ. 1936ರಲ್ಲಿ ಶುರುವಾದ ಮೈಸೂರು ಪೇಪರ್ ಮಿಲ್ಸ್ ಇದ್ದ ಊರು. ಈಗ ಆ ಯಂತ್ರಗಳು ನಿಂತು ವರ್ಷಗಳೇ ಆದವು. ಅತ್ತೆಯ ಬಾಲ್ಯದಲ್ಲಿ ಗಾಳಿ ಇತ್ತ ತಿರುಗಿದರೆ ಬಿದಿರು ಬೇಯುವ ವಾಸನೆ ಮನೆಯೊಳಕ್ಕೆ ಬರುತ್ತಿತ್ತಂತೆ. ಕಾಗದದ ಊರಿನಲ್ಲಿ ಹುಟ್ಟಿಯೂ ಅವರು ಕಾಗದವನ್ನು ಖರ್ಚು ಮಾಡಿದವರಲ್ಲ. ಹಾಲಿನ ಲೆಕ್ಕ ಕ್ಯಾಲೆಂಡರಿನ ಮೇಲೆ. ವರ್ಷ ಮುಗಿದ ಮೇಲೆ ಆ ಕ್ಯಾಲೆಂಡರು ಜೂನ್ ತಿಂಗಳಲ್ಲಿ ಪುಸ್ತಕಗಳಿಗೆ ಬೈಂಡು. ಬೈಂಡು ಹರಿದ ಮೇಲೆ ಬಚ್ಚಲೊಲೆಗೆ. “ರೇಟಿಲ್ದೆ ಇದ್ರೆ ಏನಂತೆ? ತಗೊಂಡ್ ಬಾ ಪುಟ್ಟಿ ಇಲ್ಲಿ. ಬುಟ್ಟಿ ಮಾಡೋಣ” ಅಂದರು.

ಬುಟ್ಟಿ ಅಂದರೆ ಕಾಗದದ್ದು. ಹಳಬರ ಮನೆಗಳಲ್ಲಿ ಮೊರ, ಬುಟ್ಟಿಗಳ ಸಂದು ಬಿಟ್ಟರೆ ಕಾಗದವನ್ನೂ ಮೆಂತ್ಯವನ್ನೂ ರುಬ್ಬಿ ಬಳಿಯುತ್ತಿದ್ದರು. ಕಾಳು ಸೋರುವುದಿಲ್ಲ, ಮೆಂತ್ಯದ ಕಹಿಗೆ ಹುಳ ಹತ್ತಿರ ಸುಳಿಯುವುದಿಲ್ಲ. ಅದೇ ಮುದ್ದೆಯನ್ನು ಪಾತ್ರೆಯ ಬೆನ್ನಿಗೆ ಬಳಿದು ಒಣಗಿಸಿ ಬಿಡಿಸಿಕೊಂಡರೆ ಹೊಸ ಬುಟ್ಟಿಯೇ ಆಯಿತು. ನಾನು ಹುಟ್ಟಿದ ಪುತ್ತೂರಿನ ಮನೆಯಲ್ಲೂ ಅಂಥದ್ದೊಂದು ಇತ್ತು. ಅದು ಕಾಗದದ್ದು ಎಂದು ನನಗೆ ತಿಳಿದದ್ದು ಒಂದು ಮಳೆಗಾಲದಲ್ಲಿ ಅದನ್ನು ಅಂಗಳದಲ್ಲಿ ಮರೆತುಬಂದ ಮೇಲೆಯೇ.

ಅತ್ತೆಯ ಕ್ರಮ ಹೀಗೆ. ಒಂದು ವಾರದ ದಿನಪತ್ರಿಕೆಯನ್ನು ಚೂರು ಚೂರು ಹರಿದು ಬಕೆಟ್ಟಿನಲ್ಲಿ ನೆನೆಹಾಕಬೇಕು. ಕತ್ತರಿ ಬೇಡ, ಹರಿಯಬೇಕು. ಹರಿದ ಅಂಚಿನಲ್ಲಿ ನಾರು ಹೊರಗೆ ಬಂದಿರುತ್ತದೆ, ಅದು ಬೇಗ ನೀರು ಕುಡಿಯುತ್ತದೆ. ಹರಿಯುವುದರಲ್ಲೂ ಒಂದು ಮರ್ಮವಿದೆ ಎಂದು ಮಕ್ಕಳು ಮೊದಲ ದಿನವೇ ಕಂಡುಕೊಂಡರು. ಪತ್ರಿಕೆಯನ್ನು ಮೇಲಿಂದ ಕೆಳಕ್ಕೆ ಹರಿದರೆ ಅಡಿಪಟ್ಟಿ ಹಿಡಿದು ಗೆರೆ ಎಳೆದಂತೆ ನೇರವಾಗಿ ಬರುತ್ತದೆ. ಅಡ್ಡಕ್ಕೆ ಹರಿದರೆ ಎಲ್ಲೆಲ್ಲೋ ಓಡುತ್ತದೆ. ಗಿರಣಿಯಲ್ಲಿ ಕಾಗದ ಓಡುವಾಗ ನಾರುಗಳು ಓಟದ ದಿಕ್ಕಿಗೇ ಹೆಚ್ಚಾಗಿ ಮಲಗಿರುತ್ತವೆ, ಅದಕ್ಕೆ. ನಾಲ್ಕನೇ ತರಗತಿಯ ನನ್ನ ಮಗ ಅರ್ಧ ಗಂಟೆ ಇದನ್ನೇ ಪರೀಕ್ಷೆ ಮಾಡಿದ. ಅವನ ಅಪ್ಪ ಇನ್ನೂ ಓದಿರದ ಅವತ್ತಿನ ಪತ್ರಿಕೆಯೂ ಪರೀಕ್ಷೆಗೆ ಬಲಿಯಾಯಿತು.

ಮೂರು ದಿನ ನೆನೆಸಿ, ದಿನಾ ನೀರು ಬದಲಿಸಿ, ಮೂರನೇ ರಾತ್ರಿ ಒಂದು ಪಾವು ಮೆಂತ್ಯ ನೆನೆಹಾಕಿ, ನಾಲ್ಕನೇ ಬೆಳಿಗ್ಗೆ ಅತ್ತೆ ಹಿತ್ತಲಿನ ಒರಳುಕಲ್ಲಿನ ಮುಂದೆ ಕೂತರು. ಆ ಕಲ್ಲು ನಮ್ಮ ಮನೆಯಲ್ಲಿ ತುಳಸಿ ಕುಂಡಕ್ಕೆ ಪಕ್ಕವಾದ್ಯವಾಗಿ ಹತ್ತು ವರ್ಷದಿಂದ ಸುಮ್ಮನಿತ್ತು. ಗುಂಡು ಉರುಳತೊಡಗಿದಂತೆ ಮೊದಲು ಅಕ್ಷರಗಳು ಹೋದವು. ತಲೆಬರಹದ ದೊಡ್ಡ ಅಕ್ಷರಗಳು ಸ್ವಲ್ಪ ಹೊತ್ತು ಹಟ ಹಿಡಿದು ಆಮೇಲೆ ಹೋದವು. ಮೆಂತ್ಯ ನುರಿಯುತ್ತ ಲೋಳೆ ಬಿಟ್ಟು, ಕಾಗದದ ಚೂರುಗಳನ್ನು ಒಂದಕ್ಕೊಂದು ಹಿಡಿಯಿತು. ಕೊನೆಗೆ ಬಂದದ್ದು ಬೂದು ಬಣ್ಣದ, ರಾಗಿಮುದ್ದೆಗಿಂತ ಒಂದು ಹದ ಮೆತ್ತಗಿನ, ಕಹಿ ವಾಸನೆಯ ಉಂಡೆ. ಮಗಳು ಬೆರಳಿಗೆ ಹಚ್ಚಿಕೊಂಡು, “ಅಜ್ಜಿ, ಇದ್ರಲ್ಲಿ ಎಲ್ಲಾ ಸುದ್ದೀನೂ ಇದೆಯಾ?” ಅಂದಳು. “ಹ್ಞೂಂ ಕಣೇ. ಓದೋಕಾಗಲ್ಲ ಅಷ್ಟೆ” ಎಂದರು ಅಜ್ಜಿ.

ಕಾಗದದ ಒಳಗುಟ್ಟು ತಿಳಿದರೆ ಈ ಕೆಲಸದ ಮೇಲೆ ಗೌರವ ಹೆಚ್ಚುತ್ತದೆ. ಕಾಗದವೆಂದರೆ ಗಿಡಮರದ ನಾರು. ನೀರಿನಲ್ಲಿ ಆ ನಾರುಗಳು ಕೈ ಬಿಡುತ್ತವೆ, ನೀರು ಆರುತ್ತಿದ್ದಂತೆ ತಾವಾಗಿಯೇ ಮತ್ತೆ ಕೈ ಹಿಡಿಯುತ್ತವೆ. ಬರಿಯ ಹಾಳೆ ಮಾಡುವುದಾದರೆ ಅಂಟೂ ಬೇಕಿಲ್ಲ. ತೆಳ್ಳಗೆ ಕದಡಿದ ಕಾಗದದ ನೀರಿನಲ್ಲಿ ಸೊಳ್ಳೆಪರದೆ ಬಿಗಿದ ಚೌಕಟ್ಟು ಮುಳುಗಿಸಿ ಎತ್ತಿ, ಹಳೇ ಪಂಚೆಯ ಮೇಲೆ ಬೋರಲು ಹಾಕಿ ಒತ್ತಿ ಒಣಗಿಸಿದರೆ ಹಾಳೆ ಸಿಗುತ್ತದೆ. ಆದರೆ ಪ್ರತಿ ಸಲ ಹೀಗೆ ಮರುಹುಟ್ಟು ಪಡೆದಾಗ ನಾರು ಒಂದಿಷ್ಟು ತುಂಡಾಗುತ್ತದೆ. ಐದಾರು ಜನ್ಮಗಳಾದ ಮೇಲೆ ಕೈ ಹಿಡಿಯುವ ಶಕ್ತಿ ಉಳಿಯುವುದಿಲ್ಲ. ಒಳ್ಳೆಯ ಬರೆಯುವ ಹಾಳೆ ದಿನಪತ್ರಿಕೆಯ ಕಾಗದವಾಗಿ, ಆಮೇಲೆ ರಟ್ಟಾಗಿ, ಮೊಟ್ಟೆಯ ಟ್ರೇ ಆಗಿ ಕೆಳಗಿಳಿಯುತ್ತ ಹೋಗುವುದು ಹೀಗೆಯೇ. ಮನೆಯ ಬುಟ್ಟಿ ಆ ಇಳಿಜಾರಿನಲ್ಲಿ ಒಂದು ಮೆಟ್ಟಿಲು, ಅಷ್ಟೆ.

ಮೊದಲ ಬುಟ್ಟಿ ಕೆಟ್ಟಿತು. ಶ್ರಾವಣದ ಜಿಟಿಜಿಟಿ ಮಳೆಯಲ್ಲಿ ಅದು ಒಣಗುವ ಬದಲು ಬೂಷ್ಟು ಹಿಡಿದು, ಮೂಲೆಯಲ್ಲಿ ಹಸಿರು ಗಡ್ಡ ಬಿಟ್ಟುಕೊಂಡು ಕೂತಿತು. ಅವಸರದ ನನಗೆ ಪಾಠವಾಯಿತು: ಈ ಕೆಲಸಕ್ಕೆ ನಾಲ್ಕೈದು ದಿನದ ಬಿರುಬಿಸಿಲು ಬೇಕು. ಎರಡನೆಯದನ್ನು ದಸರೆಯ ರಜೆಯಲ್ಲಿ ಮಾಡಿದೆವು. ಸ್ಟೀಲ್ ಬೇಸಿನ್ನನ್ನು ಬೋರಲು ಹಾಕಿ, ಮೇಲೆ ಒದ್ದೆ ಬಟ್ಟೆ ಹೊದಿಸಿ, ಅರ್ಧ ಬೆರಳು ದಪ್ಪಕ್ಕೆ ಮುದ್ದೆ ತಟ್ಟಿದೆವು. ರೊಟ್ಟಿ ತಟ್ಟಿ ಅಭ್ಯಾಸವಿದ್ದವರಿಗೆ ಇದು ಕಷ್ಟವಲ್ಲ. ಐದನೇ ದಿನ ಬೇಸಿನ್ನು ಬಿಡಿಸಿದಾಗ ಬುಟ್ಟಿ ‘ಟಕ್’ ಎಂದು ಸದ್ದು ಮಾಡಿತು. ಒಣಗಿದ್ದಕ್ಕೆ ಅದೇ ಗುರುತು.

ಅದರ ಬೂದು ಮೈಮೇಲೆ ಮಗಳ ಚಿತ್ರಗಳನ್ನು ಅಂಟಿಸುವುದೆಂದು ತೀರ್ಮಾನ. ಮೈದಾವನ್ನು ನೀರಿನಲ್ಲಿ ಕದಡಿ ಗಂಟಿಲ್ಲದೆ ಕುದಿಸಿದ ಅಂಟು. ಬೈಂಡಿಂಗ್ ಮಾಡುವವರು ಹುಳ ಬೀಳದಿರಲೆಂದು ಇದಕ್ಕೆ ಮೈಲುತುತ್ತ ಸೇರಿಸುತ್ತಾರೆ. ಅದು ವಿಷ, ಮಕ್ಕಳ ಕೈಯಿರುವ ಕಡೆ ಬೇಡವೆಂದು ಬಿಟ್ಟೆವು. ಕೊಪ್ಪಳದ ಕಿನ್ನಾಳ ಗೊಂಬೆಯವರು ಬಳಸುವ ಹುಣಸೆಬೀಜದ ಅಂಟು ಇನ್ನೂ ಗಟ್ಟಿ ಎಂದು ಅತ್ತೆ ಹೇಳಿದರೂ ಬೀಜ ಹುರಿದು ಸಿಪ್ಪೆ ತೆಗೆಯುವ ತಾಳ್ಮೆ ನನಗಿರಲಿಲ್ಲ. ಅಂಟೇನೋ ಸಿದ್ಧವಾಯಿತು. ಆದರೆ ಗುಂಡಗಿನ ಬುಟ್ಟಿಗೆ ಚೌಕದ ಹಾಳೆ ಕೂರುವುದಿಲ್ಲ; ಪಟ್ಟಿ ಪಟ್ಟಿಯಾಗಿ ಹರಿಯಬೇಕು. ಚಿತ್ರವನ್ನು ಹರಿಯಬೇಕು ಎಂದ ಕೂಡಲೇ ಮನೆಯಲ್ಲಿ ಮೌನ. ರದ್ದಿಯ ಗಾಯ ಇನ್ನೂ ಹಸಿಯಾಗಿತ್ತು. ನಾನಂತೂ ಬಾಯಿ ಬಿಡಲಿಲ್ಲ.

ಮಗಳು ರಾಶಿಯನ್ನು ಮುಂದಿಟ್ಟುಕೊಂಡು ಒಂದೊಂದನ್ನೇ ನೋಡಿದಳು. ಸುಮಾರು ಹೊತ್ತಾದ ಮೇಲೆ ಕಾನೂನು ಹೊರಬಿತ್ತು: “ಆಕಾಶ ಹರೀಬಹುದು. ಹುಲ್ಲು ಹರೀಬಹುದು. ಮನುಷ್ಯರನ್ನ ಹರೀಬಾರ್ದು.”

“ಹಸು?” ಅಂದ ಅಣ್ಣ.

“ಹಸೂನೂ ಬೇಡ. ಬಸ್ ಹರೀಬಹುದು.”

ಆಮೇಲೆ ಕೆಲಸ ಸಲೀಸಾಯಿತು. ಅವಳೇ ಹರಿದಳು, ನಾವು ಅಂಟಿಸಿದೆವು. ಒಂದು ಮಧ್ಯಾಹ್ನದಲ್ಲಿ ನಲವತ್ತು ಚಿತ್ರಗಳ ಆಕಾಶವೆಲ್ಲ ಬುಟ್ಟಿಗೆ ಬಂತು. ನಾನು ಕದ್ದು ಎಸೆದಾಗ ಒಂದು ಹಾಳೆಗೆ ನನ್ನನ್ನು ಪ್ರಶ್ನಿಸಿದ ಹುಡುಗಿ, ತಾನೇ ಕೂತು ನಲವತ್ತು ಹಾಳೆ ಹರಿದಳು, ಒಂದು ಹನಿ ಕಣ್ಣೀರಿಲ್ಲದೆ. ನಾನು ತಿಳಿದಂತೆ ಅವಳಿಗೆ ಹಾಳೆಗಳ ಮೇಲೆ ಮೋಹವಿರಲಿಲ್ಲ. ತನ್ನನ್ನು ಕೇಳಬೇಕಿತ್ತು, ಅಷ್ಟೆ. ಅಟ್ಟದ ಮೇಲೆ ಸಾವಿರ ಚಿತ್ರ ಕಾಪಾಡುವ ಚಿಂತೆ ನನ್ನದಾಗಿತ್ತು; ಅವಳಿಗೆ ಬೇಕಿದ್ದದ್ದು ಅವುಗಳಿಗೊಂದು ಕೆಲಸ.

ಕೆಲಸ ಕೊಡತೊಡಗಿದ ಮೇಲೆ ಹಾಳೆಗಳೇ ಸಾಲದಾದವು. ಮನೆಯಲ್ಲಿ ಲಗ್ನಪತ್ರಿಕೆಗಳ ಇನ್ನೊಂದು ರಾಶಿ ಇತ್ತು. ಮೂಲೆಯಲ್ಲಿ ಅರಿಶಿನ ಕುಂಕುಮ ಹಚ್ಚಿದ, ಮೇಲೆ ಗಣಪತಿ ಕೂತ ಪತ್ರಿಕೆಯನ್ನು ಕಸಕ್ಕೆ ಹಾಕಲು ಯಾರಿಗೆ ಮನಸ್ಸು ಬಂದೀತು? ಮದುವೆಯಾಗಿ ಮಕ್ಕಳಾಗಿ, ಆ ಮಕ್ಕಳ ನಾಮಕರಣದ ಪತ್ರಿಕೆಯೂ ಅದೇ ರಾಶಿಗೆ ಬಂದು ಸೇರಿತ್ತು. ಗಣಪತಿಗಳನ್ನು ಮಗ ಜೋಪಾನವಾಗಿ ಕತ್ತರಿಸಿ ಪುಸ್ತಕದ ಗುರುತುಪಟ್ಟಿ ಮಾಡಿದ. ಈಗ ನಾವು ಓದುವ ಪ್ರತಿ ಪುಸ್ತಕವೂ ವಿಘ್ನೇಶ್ವರನಿದ್ದಲ್ಲಿಗೆ ನಿಂತಿರುತ್ತದೆ. ಉಳಿದ ದಪ್ಪ ಕಾಗದ ಪುಟಾಣಿ ಪೆಟ್ಟಿಗೆಗಳಾಯಿತು.

ಚಿತ್ರಗಳು ಕವರುಗಳಾದವು. ಇದಕ್ಕೆ ಯಾವ ಪುಸ್ತಕವೂ ಬೇಡ. ಬಂದ ಯಾವುದಾದರೂ ಒಂದು ಕವರಿನ ಅಂಟು ಬಿಡಿಸಿ ಚಪ್ಪಟೆ ಹರಡಿದರೆ ಅದೇ ಅಚ್ಚು. ಚಿತ್ರದ ಹಾಳೆಯ ಮೇಲಿಟ್ಟು ಗೆರೆ ಎಳೆದು ಕತ್ತರಿಸಿ ಮಡಚಿದರಾಯಿತು. ಗಾಂಧೀಜಿ ತಮಗೆ ಬಂದ ಲಕೋಟೆಗಳನ್ನು ಬಿಚ್ಚಿ ಒಳಮಗ್ಗುಲಲ್ಲಿ ಬರೆಯುತ್ತಿದ್ದರು. 1934ರಲ್ಲಿ ವಾರ್ಧಾದಲ್ಲಿ ಅವರು ಕಟ್ಟಿದ ಅಖಿಲ ಭಾರತ ಗ್ರಾಮೋದ್ಯೋಗ ಸಂಘ ಕೈಕಾಗದವನ್ನೂ ತನ್ನ ಕೆಲಸವೆಂದುಕೊಂಡಿತ್ತು. ನಮ್ಮ ಮನೆಯ ಉದ್ದೇಶ ಅಷ್ಟು ಘನವಾದದ್ದಲ್ಲ, ಮುಯ್ಯಿ ಮಾಡುವ ಕವರು. ಮಗ ಅಳತೆಯ ಉಸ್ತುವಾರಿ ವಹಿಸಿದ. ಎ4 ಹಾಳೆ 297 ಮಿಲಿಮೀಟರ್ ಉದ್ದ, 210 ಅಗಲ. ನಡುವೆ ಮಡಚಿದರೆ ಅಳತೆ ಕುಗ್ಗುತ್ತದೆ, ಆಕಾರ ಅದೇ ಉಳಿಯುತ್ತದೆ, ಮತ್ತೆ ಮಡಚಿದರೂ ಅದೇ. ಇದನ್ನು ಅವನು ಕಂಡುಹಿಡಿದಂತೆ ಎಲ್ಲರಿಗೂ ಸಾರಿದ. ಒಂದು ಮದುವೆಗೆ ನೂರ ಒಂದು ರೂಪಾಯಿಗಳನ್ನು ತಲೆಯಿಂದ ಕಾಲು ಹೊರಟ ಮನುಷ್ಯನಿದ್ದ ಕವರಿನಲ್ಲಿ ಇಟ್ಟು ಕೊಟ್ಟೆವು. ಒಂದು ತಿಂಗಳ ಮೇಲೆ ಹುಡುಗಿಯ ತಾಯಿ ಸಿಕ್ಕು, “ನಿಮ್ ಕವರು ಮಾತ್ರ ಇಟ್ಕೊಂಡಿದೀವಿ ಕಣ್ರೀ, ಬೇರೆಯವೆಲ್ಲ ರದ್ದಿಗೆ ಹೋಯ್ತು” ಎಂದರು. ಅದರಲ್ಲಿ ಎಷ್ಟಿತ್ತೆಂಬುದು ಅವರಿಗೆ ನೆನಪಿರಲಿಲ್ಲ. ನೂರ ಒಂದು ಕೊಟ್ಟವರಿಗೆ ಇದಕ್ಕಿಂತ ಸಮಾಧಾನ ಬೇರೆ ಬೇಕೆ?

ದೀಪಾವಳಿ ಹತ್ತಿರ ಬಂತು. ಅದು ನನ್ನ ತವರಿನ ಹಬ್ಬ. ನಮ್ಮ ಕಡೆ ಗೂಡುದೀಪ ಇಲ್ಲದ ದೀಪಾವಳಿ ಇಲ್ಲ. ಮಂಗಳೂರಿನಲ್ಲಿ ಅದಕ್ಕೆ ಸ್ಪರ್ಧೆಗಳೇ ನಡೆಯುತ್ತವೆ. ಬೆಳಗಾವಿ, ಧಾರವಾಡದವರು ಆಕಾಶಬುಟ್ಟಿ ಎನ್ನುತ್ತಾರೆ. ನನ್ನ ಅಪ್ಪ ಬಿದಿರು ಸೀಳಿ ಕಡ್ಡಿ ಹೆರೆದು ಚೌಕಟ್ಟು ಕಟ್ಟುತ್ತಿದ್ದರು, ನಾವು ಅನ್ನದ ಅಗುಳು ಮಿದಿದು ಬಣ್ಣದ ಕಾಗದ ಅಂಟಿಸುತ್ತಿದ್ದೆವು. ಅಮ್ಮನಿಗೆ ಫೋನು ಮಾಡಿ ಮೈಸೂರಿನಲ್ಲಿ ಬಿದಿರಿನ ಕಡ್ಡಿಗೆ ಎಲ್ಲಿ ಹೋಗಲಿ ಎಂದೆ. “ಎಂತ ಮಾರಾಯ್ತಿ, ಮನೆಯಲ್ಲಿ ಪೇಪರ್ ಉಂಟಲ್ಲ, ಸುತ್ತು” ಎಂದರು.

ಸುತ್ತಿದೆವು. ಪತ್ರಿಕೆಯ ಒಂದು ಹಾಳೆಯನ್ನು ಮೂಲೆಯಿಂದ ಓರೆಯಾಗಿ, ಸ್ವೆಟರ್ ಹೆಣೆಯುವ ಕಡ್ಡಿಯ ಮೇಲೆ ಬಿಗಿಯಾಗಿ ಸುತ್ತುತ್ತ ಹೋಗಿ ತುದಿಗೆ ಅಂಟು ಹಚ್ಚಿ ಕಡ್ಡಿ ಎಳೆದುಬಿಟ್ಟರೆ ಕೊಳವೆ. ಹಿಡಿದರೆ ಬಾಗಿ ಜೋತುಬೀಳುವ ಅದೇ ಹಾಳೆ ಕೊಳವೆಯಾದ ಮೇಲೆ ಬೆತ್ತದಂತೆ ನಿಲ್ಲುತ್ತದೆ. ಎ4 ಹಾಳೆಯ ಉದ್ದಕ್ಕೆ ನಾಲ್ಕು, ಅಗಲಕ್ಕೆ ಎಂಟು, ಒಟ್ಟು ಹನ್ನೆರಡು ಕೊಳವೆ ಕತ್ತರಿಸಿ ದಾರದಿಂದ ಬಿಗಿದಾಗ ಚೌಕಟ್ಟು ನಿಂತಿತು. ನಾಲ್ಕು ಮಗ್ಗುಲಿಗೆ ನಾಲ್ಕು ಚಿತ್ರ. ಬಣ್ಣದ ಕಾಗದ ಕೊಳ್ಳುವ ಮಾತೇ ಇಲ್ಲ.

ಇಲ್ಲೊಂದು ಕಷ್ಟ ಬಂತು. ಬರೆಯುವ ಹಾಳೆ ಬೆಳಕನ್ನು ಸರಿಯಾಗಿ ಬಿಡುವುದಿಲ್ಲ. ಒಳಗೆ ಬಲ್ಬು ಹಾಕಿದರೆ ಮಬ್ಬು. ಆಗ ನೆನಪಾಯಿತು. ನಮ್ಮ ಕಾಲದಲ್ಲಿ ನಕ್ಷೆ ತೆಗೆಯಲು ಟ್ರೇಸಿಂಗ್ ಪೇಪರ್ ಸಿಗದಿದ್ದಾಗ ಹಾಳೆಗೆ ಕೊಬ್ಬರಿ ಎಣ್ಣೆ ಸವರುತ್ತಿದ್ದೆವು. ಕಾಗದದ ನಾರುಗಳ ನಡುವಿನ ಸಂದುಗಳಲ್ಲಿ ಗಾಳಿ ಇರುತ್ತದೆ, ಬೆಳಕು ಅಲ್ಲಿ ಚೆದುರಿಹೋಗುತ್ತದೆ. ಎಣ್ಣೆ ಆ ಸಂದುಗಳನ್ನು ತುಂಬಿದರೆ ಬೆಳಕಿಗೆ ದಾರಿ ಸಿಗುತ್ತದೆ. ಕ್ರೇಯಾನಿನಲ್ಲಿ ಬರೆದ ಚಿತ್ರಗಳನ್ನೇ ಆರಿಸಿಕೊಂಡೆವು. ಸ್ಕೆಚ್ ಪೆನ್ನಿನದಾದರೆ ಮೈದಾ ಅಂಟಿನ ತೇವಕ್ಕೆ ಕದಡಿಹೋಗುತ್ತದೆ. ಬುಟ್ಟಿಯ ಒಂದು ಆಕಾಶ ಹಾಗೆ ನೇರಳೆಯಾಗಿ ಬುದ್ಧಿ ಕಲಿಸಿತ್ತು. ಚೌಕಟ್ಟಿಗೆ ಅಂಟಿಸಿ, ಅಂಟು ಒಣಗಿದ ಮೇಲೆ ಹಾಳೆಯ ಬೆನ್ನಿಗೆ ಹತ್ತಿಯಿಂದ ತೆಳ್ಳಗೆ ಎಣ್ಣೆ ಸವರಿದೆವು. ಕಾಗದ, ಎಣ್ಣೆ ಎರಡೂ ಬೆಂಕಿಯ ನೆಂಟರು. ಹಾಗಾಗಿ ಹಣತೆ, ಮೇಣದ ಬತ್ತಿ ಯಾವುದೂ ಬೇಡ, ಹೆಚ್ಚು ಬಿಸಿಯಾಗದ ಪುಟ್ಟ ಎಲ್‌ಇಡಿ ಬಲ್ಬೇ ಇರಲಿ ಎಂಬ ನಿಯಮ ನನ್ನದು.

ಸಂಜೆ ವರಾಂಡದಲ್ಲಿ ದೀಪ ಹಾಕಿದೆವು. ಎರಡು ಗುಡ್ಡದ ನಡುವಿನ ಸೂರ್ಯ ಮೊದಲ ಬಾರಿಗೆ ನಿಜವಾಗಿ ಬೆಳಗಿದ. ಇನ್ನೊಂದು ಮಗ್ಗುಲಿಗೆ ಹಸು, ಮತ್ತೊಂದಕ್ಕೆ ಬಸ್ಸು. ನಾಲ್ಕನೆಯದು ನಮ್ಮ ಮನೆಯವರೆಲ್ಲ ಸಾಲಾಗಿ ನಿಂತ ಚಿತ್ರ. ಅತ್ತೆ ಎದ್ದು ಹತ್ತಿರ ಬಂದು ಎಣಿಸಿದರು. ಒಂದು ತಲೆ ಹೆಚ್ಚಿತ್ತು. “ಇದು ಯಾರೇ?” “ತಾತ.” ಮಾವನವರು ತೀರಿಕೊಂಡಾಗ ಮಗಳು ಹುಟ್ಟಿರಲಿಲ್ಲ, ಗೋಡೆಯ ಫೋಟೊದಲ್ಲಷ್ಟೇ ನೋಡಿದ್ದಾಳೆ. “ಕನ್ನಡಕಾನೂ ಹಾಕಿದ್ದಾಳೆ ನೋಡು” ಎಂದು ಅತ್ತೆ ನನಗೆ ತೋರಿಸಿದರು.

ನನಗೆ ಬೇರೆಯೇ ಒಂದು ಕಾಣುತ್ತಿತ್ತು. ಆ ಚಿತ್ರದ ನಟ್ಟನಡುವೆ ಉದ್ದಕ್ಕೊಂದು, ಅಡ್ಡಕ್ಕೊಂದು ಗೆರೆ, ಹಿಂದಿನ ಬೆಳಕಿನಲ್ಲಿ ಎದ್ದು ಕಾಣುವಂತೆ. ಎಣ್ಣೆ ಎಲ್ಲವನ್ನೂ ತಿಳಿ ಮಾಡಿತ್ತು, ಮಡಿಕೆಯೊಂದನ್ನು ಬಿಟ್ಟು. ಶ್ರಾವಣದಲ್ಲಿ ನಾಲ್ಕು ಮಡಿಕೆ ಮಾಡಿ ನೋಟ್‌ಬುಕ್ಕಿನೊಳಗೆ ತುರುಕಿದ್ದೆನಲ್ಲ, ಯಜಮಾನರು ಎರಡು ಬೆರಳಲ್ಲಿ ಎತ್ತಿ ಪಕ್ಕಕ್ಕಿಟ್ಟಿದ್ದರಲ್ಲ, ಇದು ಅದೇ ಹಾಳೆ. ನಾನು ಅದನ್ನು ಸರಿಯಾಗಿ ನೋಡಿದ್ದು ಅದೇ ಮೊದಲು. ಮಗಳು ನನ್ನ ಮುಖ ನೋಡಿ, ದೂರುವ ದನಿಯೇನೂ ಇಲ್ಲದೆ, ಬಂದ ನೆಂಟರಿಗೆ ಮನೆ ತೋರಿಸುವವರಂತೆ ಹೇಳಿದಳು: “ಅದು ಅಮ್ಮ ಮಡಚಿದ್ದು.”

ಹಬ್ಬ ಮುಗಿದು ಕಾರ್ತಿಕವೂ ಮುಗಿಯಿತು. ಗೂಡುದೀಪ ಮಂಜಿಗೆ ಜೋತುಬಿದ್ದಾಗ ಮಗಳೇ ಅದನ್ನು ತಂದು ಅಜ್ಜಿಯ ಮುಂದಿಟ್ಟಳು, ನೆನೆಹಾಕೋಣ ಅಂತ. ಎಣ್ಣೆ ಮುಟ್ಟಿದ ಕಾಗದ ನೆನೆಯುವುದಿಲ್ಲ ಎಂದು ಅತ್ತೆ ಮೂರು ಹಾಳೆಗಳನ್ನು ಬೇರೆ ತೆಗೆದಿಟ್ಟರು. ಕೊಳವೆಗಳು ಬಕೆಟ್ಟಿಗೆ ಹೋದವು. ನಾಲ್ಕನೇ ಹಾಳೆ ಅತ್ತೆಯ ಬೀರುವಿನಲ್ಲಿದೆ, ಮಡಚದೆ.

ನಿಮ್ಮ ಬೀದಿಗೂ ಹಳೇ ಪೇಪರಿನವರು ಬರುತ್ತಾರೆ. ಅವರು ಬರುವ ಹಿಂದಿನ ದಿನ ಮಗುವನ್ನು ಕೂರಿಸಿಕೊಂಡು ರಾಶಿ ಬಿಚ್ಚಿ. ಯಾವುದನ್ನು ಹರಿಯಬಹುದು, ಯಾವುದನ್ನು ಹರಿಯಬಾರದು ಎಂದು ಕೇಳಿ. ಅರ್ಧ ಗಂಟೆಯ ಕೆಲಸ. ಕೇಳಿದರೆ ಮಕ್ಕಳು ನಾವೆಣಿಸಿದ್ದಕ್ಕಿಂತ ಧಾರಾಳವಾಗಿ ಕೊಡುತ್ತಾರೆ.

ಬುಟ್ಟಿ ನಮ್ಮ ಅಡುಗೆಮನೆಯಲ್ಲಿದೆ. ಸುದ್ದಿಪತ್ರಿಕೆಯ ಮಸಿ ಆಹಾರಕ್ಕೆ ತಾಗಬಾರದು, ಅದರಲ್ಲಿ ತಿಂಡಿ ಕಟ್ಟಬೇಡಿ ಎಂದು ಆಹಾರ ಸುರಕ್ಷತಾ ಪ್ರಾಧಿಕಾರವೇ 2016ರಲ್ಲಿ ಹೇಳಿದೆ ಎಂದು ನಾನು ತಕರಾರು ತೆಗೆದೆ. ಅತ್ತೆ ಒಪ್ಪಿದರು, ಒಪ್ಪಿ ಅದಕ್ಕೆ ಬೆಳ್ಳುಳ್ಳಿ ತುಂಬಿಸಿದರು. “ಬೆಳ್ಳುಳ್ಳಿಗೇನಮ್ಮ, ಅದು ತನ್ನ ಕಾಗದ ತಾನೇ ಸುತ್ಕೊಂಡು ಬಂದಿರುತ್ತೆ” ಎಂದರು.